ಮೊಲ ಕೊಳ್ಳುವ ಮೊದಲು ಗಿರಾಕಿಯನ್ನು ಹುಡುಕಿ

ಪ್ರಶ್ನೆ: ಇಂಡಿ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ನಿಂಬೆ ತೋಟ. ತಗಡಿನ ಶೆಡ್ಡಿನಲ್ಲಿ ನಾಲ್ಕು ಹೆಣ್ಣು, ಒಂದು ಗಂಡು ಮೊಲ ಸಾಕಿದ್ದೆ. ಕಳೆದ ಮೇ ತಿಂಗಳಲ್ಲಿ ಎರಡು ಹೆಣ್ಣು ಮೊಲಗಳು ಮಧ್ಯಾಹ್ನ ಏದುಸಿರು ಬಿಡುತ್ತ ಸತ್ತವು. ಉಳಿದವು ಆಮೇಲೆ ಗಬ್ಬ ಕಟ್ಟಲಿಲ್ಲ. ಈಗ ಒಬ್ಬರು ಹತ್ತು ಹೆಣ್ಣು ಮೊಲಗಳ ಘಟಕ ಕೊಡುತ್ತೇವೆ, ಮರಿಗಳನ್ನು ನಾವೇ ಮರಳಿ ಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಸಾಲ ಮಾಡಿ ಹಣ ಹೂಡಬಹುದೇ?

ಉತ್ತರ: ಈ ವರ್ಷ ಸಾಲ ಮಾಡಬೇಡಿ. ಇರುವ ಮೊಲಗಳನ್ನು ಮುಂದಿನ ಬೇಸಿಗೆ ದಾಟಿಸುವುದು ಮೊದಲ ಕೆಲಸ.

ಮೊಲದ ಮೈ ಬೆವರುವುದಿಲ್ಲ. ಒಳಗಿನ ಕಾವನ್ನು ಅದು ಕಿವಿ ಮತ್ತು ಉಸಿರಿನ ಮೂಲಕವೇ ಕಳೆದುಕೊಳ್ಳಬೇಕು. ಉಷ್ಣತೆ 30 ಡಿಗ್ರಿ ದಾಟಿದರೆ ಅದು ಬಳಲುತ್ತದೆ, 35 ದಾಟಿದರೆ ಜೀವಕ್ಕೇ ಅಪಾಯ. ವಿಜಯಪುರದ ಬೇಸಿಗೆ 40 ಮುಟ್ಟುತ್ತದೆ, ತಗಡಿನ ಕೆಳಗಂತೂ ಕಾವು ಇನ್ನೂ ಹೆಚ್ಚು. ಗಬ್ಬ ಕಟ್ಟದಿದ್ದುದಕ್ಕೆ ಹೆಣ್ಣು ಮೊಲಗಳನ್ನಷ್ಟೇ ದೂರಬೇಡಿ. ಬಿಸಿಲಿಗೆ ಸಿಕ್ಕ ಗಂಡಿನ ವೀರ್ಯ ಕೆಡುತ್ತದೆ, ಹೊಸ ವೀರ್ಯಾಣುಗಳು ಸಿದ್ಧವಾಗಲು ಸುಮಾರು ಏಳು ವಾರ ಹಿಡಿಯುವುದರಿಂದ ಮೇ ತಿಂಗಳ ಝಳದ ಪರಿಣಾಮ ಜುಲೈವರೆಗೂ ಉಳಿಯುತ್ತದೆ. ಪಂಜರಗಳನ್ನು ನಿಂಬೆ ಮರಗಳ ನೆರಳಿಗೆ ತನ್ನಿ, ಮೇಲೆ ಕಬ್ಬಿನ ರವದಿಯ ದಪ್ಪ ಹೊದಿಕೆ ಹಾಕಿ, ಮಧ್ಯಾಹ್ನ ಸುತ್ತಲೂ ಒದ್ದೆ ಗೋಣಿತಟ್ಟು ಇಳಿಬಿಡಿ, ಗಾಳಿ ಮಾತ್ರ ಆಡುತ್ತಿರಲಿ. ಔಷಧ ಸಿಂಪಡಿಸಿದ ತೋಟದ ಹುಲ್ಲನ್ನು ಮೇವಿಗೆ ಕೊಯ್ಯಬೇಡಿ. ಮಾರ್ಚ್ ಮಧ್ಯದಿಂದ ಜೂನ್‌ವರೆಗೆ ಜೋಡಿ ಕೂಡಿಸುವುದನ್ನೇ ನಿಲ್ಲಿಸುವುದು ಒಳ್ಳೆಯದು.

ಗರ್ಭದ ಅವಧಿ 31 ದಿನ, ಸೂಲಿಗೆ ಆರೆಂಟು ಮರಿ ಎಂಬ ಮಾತು ನಿಜವೇ. ಆದರೆ ಅದನ್ನೇ ವರ್ಷವಿಡೀ ಗುಣಿಸಿ ತೋರಿಸುವ ಲಾಭದ ಪಟ್ಟಿಯಲ್ಲಿ ನಮ್ಮ ಬಿಸಿಲಿಗೆ ಜಾಗವಿರುವುದಿಲ್ಲ. ಮೊಲ ಸಾಕಣೆಯ ಸಂಶೋಧನೆಯನ್ನೂ ಮಾಡುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರ ಇರುವುದು ಕೊಡೈಕೆನಾಲ್ ಬೆಟ್ಟದ ತಂಪಿನಲ್ಲಿ, ಮನ್ನವನೂರಿನಲ್ಲಿ. ಅಲ್ಲಿನ ಹವೆಯ ಲೆಕ್ಕ ಇಂಡಿಗೆ ಹೊಂದುವುದಿಲ್ಲ. ಇಲ್ಲಿ ಹೆಣ್ಣೊಂದಕ್ಕೆ ವರ್ಷಕ್ಕೆ ನಾಲ್ಕು ಸೂಲು, ಸೂಲಿಗೆ ಬದುಕುಳಿಯುವ ಐದು ಮರಿ ಎಂದುಕೊಂಡರೆ ಹತ್ತು ಹೆಣ್ಣುಗಳಿಂದ ಇನ್ನೂರು ಮರಿ, ಅಂದರೆ ವಾರಕ್ಕೆ ಸರಾಸರಿ ನಾಲ್ಕು. ಎರಡು ಕಿಲೋ ತೂಗುವ ಮೊಲದಿಂದ ಸಿಗುವುದು ಒಂದು ಕಿಲೋದ ಆಸುಪಾಸು ಮಾಂಸ. ಕುರಿ, ಕೋಳಿಯ ಮಾಂಸದಂತೆ ಇದು ಪ್ರತಿ ಅಂಗಡಿಯಲ್ಲಿ ಬಿಕರಿಯಾಗುವ ಸರಕಲ್ಲ, ಮಾರುವವರೇ ಗಿರಾಕಿಯನ್ನು ಹುಡುಕಬೇಕು.

ಮರುಖರೀದಿಯ ಮಾತನ್ನು ನಾನು ನಂಬಲಾರೆ. ಹೀಗೆ ಮುಂಗಡ ಪಡೆದು ಎರಡು ಕಂತು ಮರಿ ಕೊಂಡ ಮೇಲೆ ಫೋನ್ ಎತ್ತದವರಿಂದ ನೊಂದ ರೈತರನ್ನು ಕಂಡಿದ್ದೇನೆ. ಕೊಂಡ ಮರಿಗಳನ್ನು ಅವರು ಹೊಸ ರೈತರಿಗೆ ಘಟಕವಾಗಿ ಮಾರುತ್ತಿದ್ದರೆ ಅದು ಮಾರುಕಟ್ಟೆಯಲ್ಲ. ಹೊಸಬರು ಸಿಗುವುದು ನಿಂತ ದಿನ ಖರೀದಿಯೂ ನಿಲ್ಲುತ್ತದೆ. ಮರಿಗಳನ್ನು ಕೊನೆಗೆ ತಿನ್ನುವವರು ಯಾರು, ಯಾವ ಊರಿನವರು ಎಂದು ಅವರನ್ನೇ ಕೇಳಿ.

ಮತ್ತೊಂದು ಎಚ್ಚರಿಕೆ: ಭೇದಿ ಕಂಡಾಗ ಆಡಿಗೆ ತಂದ ಆ್ಯಂಟಿಬಯಾಟಿಕ್ ಕುಡಿಸಬೇಡಿ, ಅಮಾಕ್ಸಿಸಿಲಿನ್‌ನಂಥವು ಮೊಲದ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನು ಕೊಂದು ಮೊಲವನ್ನೇ ಕೊಲ್ಲಬಲ್ಲವು; ಪಶುವೈದ್ಯರಿಗೆ ತೋರಿಸಿ.

ಮಳೆಗಾಲದ ನಂತರ ಉಳಿದ ಎರಡು ಹೆಣ್ಣುಗಳಿಂದಲೇ ಮರಿ ಪಡೆದು, ಇಂಡಿ, ವಿಜಯಪುರದ ಖಾನಾವಳಿಗಳಲ್ಲಿ ನೀವೇ ಮಾರಿ ನೋಡಿ. ವಾರಕ್ಕೆ ನಾಲ್ಕು ಮೊಲ ತಪ್ಪದೆ ಕೇಳುವ ಗಿರಾಕಿಗಳು ಆರು ತಿಂಗಳಲ್ಲಿ ಸಿಕ್ಕರೆ ಹತ್ತರ ಘಟಕದ ಮಾತನ್ನು ಮತ್ತೆ ಎತ್ತೋಣ.