ದಿನದ ಕೂಲಿ, ವರ್ಷದ ಖರ್ಚು: ಕಟ್ಟಡ ಕುಶಲಕರ್ಮಿಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹನ್ನೊಂದು ವರ್ಷಗಳಿಂದ ಟೈಲ್ಸ್ ಕೂರಿಸುವ ಕೆಲಸ ಮಾಡುತ್ತಿದ್ದೇನೆ. ನನ್ನ ದಿನಗೂಲಿಯನ್ನು 26ರಿಂದ ಗುಣಿಸಿದರೆ, ಕಚೇರಿಯಲ್ಲಿ ಗುಮಾಸ್ತನಾಗಿರುವ ನನ್ನ ತಮ್ಮನ ತಿಂಗಳ ಸಂಬಳಕ್ಕಿಂತ ಹೆಚ್ಚೇ ಆಗುತ್ತದೆ. ಆದರೂ ವರ್ಷಕ್ಕೆ ಎರಡು ಮೂರು ಬಾರಿ ನಾನೇ ಅವನ ಬಳಿ ಕೈಗಡ ಕೇಳಬೇಕಾಗುತ್ತದೆ. ದುಂದುವೆಚ್ಚದ ಅಭ್ಯಾಸ ನನಗಿಲ್ಲ. ಲೆಕ್ಕ ಎಲ್ಲಿ ತಪ್ಪುತ್ತಿದೆ?

ಉತ್ತರ: 26ರಿಂದ ಗುಣಿಸುವಲ್ಲಿಯೇ ತಪ್ಪುತ್ತಿದೆ. ನಿಮ್ಮ ತಮ್ಮನಿಗೆ ಭಾನುವಾರಕ್ಕೂ ರಜೆಗೂ ಜ್ವರ ಬಂದ ದಿನಕ್ಕೂ ಸಂಬಳ ಬರುತ್ತದೆ. ನಿಮಗೆ ಕೈ ಆಡಿದ ದಿನಕ್ಕೆ ಮಾತ್ರ ಕೂಲಿ. ಆದ್ದರಿಂದ ಕುಶಲಕರ್ಮಿಯ ಆದಾಯವನ್ನು ದಿನದಿಂದಲೂ ಅಳೆಯಬಾರದು, ತಿಂಗಳಿನಿಂದಲೂ ಅಳೆಯಬಾರದು, ಇಡೀ ವರ್ಷದಿಂದ ಅಳೆಯಬೇಕು.

ಒಂದು ಉದಾಹರಣೆ ಹಾಕಿಕೊಳ್ಳೋಣ. ಅಂಕಿಗಳು ನನ್ನ ಊಹೆಯವು, ಅವುಗಳ ಜಾಗದಲ್ಲಿ ನಿಮ್ಮವನ್ನು ಬರೆದುಕೊಳ್ಳಿ. ವರ್ಷದ 365 ದಿನಗಳಲ್ಲಿ ವಾರದ ರಜೆ 52 ಕಳೆದರೆ 313 ಉಳಿಯುತ್ತವೆ. ಮಳೆ, ಚಳಿ ಅಥವಾ ಅತಿ ಬಿಸಿಲಿಗೆ 30, ಒಂದು ಕೆಲಸ ಮುಗಿದು ಇನ್ನೊಂದು ಸಿಗುವವರೆಗಿನ ಬಿಡುವಿಗೆ 35, ಸಾಮಗ್ರಿ ಬಾರದೆ ಕಾಯುವುದಕ್ಕೆ 10, ಕಾಯಿಲೆಗೆ 8, ಮನೆಯ ಕಾರ್ಯಗಳಿಗೆ 10 ದಿನ ಹೋದರೆ ಕೂಲಿ ಬರುವ ದಿನಗಳು 220 ಮಾತ್ರ. ನಿಮ್ಮ ದಿನಗೂಲಿ 100 ಪಾಲು ಎಂದುಕೊಂಡರೆ ವರ್ಷಕ್ಕೆ 22,000, ತಿಂಗಳಿಗೆ ಸುಮಾರು 1,833. ನೀವು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು 2,600. ಇನ್ನು ಕಟರ್, ಬ್ಲೇಡು, ಮಟ್ಟಗೋಲು, ಕರಣೆ ಮುಂತಾದ ಸಲಕರಣೆಗಳ ಸವಕಳಿಗೆ ದಿನಕ್ಕೆ 6 ಪಾಲು, ಹೋಗಿಬರುವ ಖರ್ಚಿಗೆ 8 ಪಾಲು ಹಿಡಿದರೆ ಮತ್ತೆ 3,080 ಕಳೆಯುತ್ತದೆ. ಉಳಿದ 18,920ನ್ನು 365 ದಿನಗಳಿಗೆ ಹಂಚಿದಾಗ ದಿನಕ್ಕೆ ಬೀಳುವುದು 52 ಪಾಲು. ಮನೆಯವರು ಊಟ ಮಾಡುವುದು 365 ದಿನವೂ ಆದ್ದರಿಂದ ನಿಮ್ಮ ನಿಜವಾದ ದಿನಗೂಲಿ 100 ಅಲ್ಲ, 52.

ಈ ಮಾತು ಹೊಸದೇನಲ್ಲ. 1776ರಲ್ಲಿ ಪ್ರಕಟವಾದ ತನ್ನ ಅರ್ಥಶಾಸ್ತ್ರದ ಗ್ರಂಥದಲ್ಲಿ ಆ್ಯಡಂ ಸ್ಮಿತ್ ಒಂದು ಕಸುಬಿಗೂ ಇನ್ನೊಂದಕ್ಕೂ ಕೂಲಿ ಏಕೆ ಬೇರೆಯಾಗುತ್ತದೆ ಎಂದು ವಿವರಿಸುವಾಗ ಗಾರೆ ಕೆಲಸದವನನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತಾನೆ. ಹಿಮ ಬಿದ್ದಾಗಲೂ ಹವೆ ಕೆಟ್ಟಾಗಲೂ ಅವನಿಗೆ ಕೆಲಸವಿಲ್ಲ, ಉಳಿದ ಕಾಲದಲ್ಲಿಯೂ ಗಿರಾಕಿ ಕರೆದರೆ ಉಂಟು. ಹಾಗಾಗಿ ದುಡಿದ ದಿನದ ಕೂಲಿಯು ಕುಳಿತ ದಿನದ ಹೊಟ್ಟೆಯನ್ನೂ ಹೊರೆಯಬೇಕು, ಆ ದಿನಗಳ ಆತಂಕಕ್ಕೂ ಒಂದಿಷ್ಟು ಪರಿಹಾರ ಕೊಡಬೇಕು ಎಂಬುದು ಅವನ ವಾದ. ಬಡಗಿಯ ಕೆಲಸಕ್ಕೆ ಹೆಚ್ಚಿನ ಜಾಣ್ಮೆ ಬೇಕಾದರೂ ಅನೇಕ ಕಡೆ ಅವನ ದಿನಗೂಲಿ ಗಾರೆಯವನದಕ್ಕಿಂತ ಸ್ವಲ್ಪ ಕಡಿಮೆಯಿರುವುದಕ್ಕೆ ಅವನು ಕೊಡುವ ಕಾರಣವೂ ಇದೇ: ಬಡಗಿಯ ಕೆಲಸವನ್ನು ಹವೆ ಅಷ್ಟಾಗಿ ತಡೆಯುವುದಿಲ್ಲ.

ಆದ್ದರಿಂದ ದರ ಹೇಳುವಾಗ ಲೆಕ್ಕವನ್ನು ಹಿಂದಿನಿಂದ ಮಾಡಿ. ಸಂಸಾರಕ್ಕೆ ತಿಂಗಳಿಗೆ 1,500 ಪಾಲು ಬೇಕಾದರೆ ವರ್ಷಕ್ಕೆ 18,000, ಸಲಕರಣೆ ಮತ್ತು ಪ್ರಯಾಣಕ್ಕೆ 3,080, ಆಪತ್ತಿಗೆಂದು 2,000, ಒಟ್ಟು 23,080. ಇದನ್ನು 220ರಿಂದ ಭಾಗಿಸಿದರೆ ಸುಮಾರು 105 ಬರುತ್ತದೆ. ಅಂದರೆ 100ಕ್ಕೆ ಒಪ್ಪಿಕೊಂಡ ದಿನವೇ ಕೈಗಡಕ್ಕೆ ದಾರಿಯಾಯಿತು. ಸಾಮಗ್ರಿ ಬಾರದೆ ಕಾಯುವ 10 ದಿನಗಳ ಹೊಣೆ ನಿಮ್ಮದಲ್ಲ; ಆ ದಿನಗಳಿಗೆ ಅರ್ಧ ಕೂಲಿಯನ್ನಾದರೂ ಕೆಲಸ ಹಿಡಿಯುವ ಮೊದಲೇ ಮಾತಾಡಿಕೊಳ್ಳಿ. ನಡುವೆ ಕೇಳಿದರೆ ಅದು ಜಗಳವಾಗುತ್ತದೆ.

ಪ್ರಶ್ನೆ: ದಿನಗೂಲಿ ಲಾಭವೋ, ಅಳತೆಯ ಲೆಕ್ಕದ ತುಂಡುಗುತ್ತಿಗೆ ಲಾಭವೋ?

ಉತ್ತರ: ತಳ ಮಟ್ಟವಾಗಿದ್ದು, ಸಾಮಗ್ರಿ ಕೈಗೆಟುಕುವಂತಿದ್ದು, ಅಳತೆ ಹಿಡಿಯುವ ರೀತಿ ಮೊದಲೇ ಬರಹದಲ್ಲಿದ್ದರೆ ಕೈಚಳಕವುಳ್ಳವರಿಗೆ ತುಂಡುಗುತ್ತಿಗೆ ಲಾಭ. ಹಿಂದಿನವರು ಮಾಡಿಟ್ಟ ಓರೆಕೋರೆಗಳನ್ನು ಸರಿಪಡಿಸುವುದೇ ಅರ್ಧ ಕೆಲಸವಾಗುವಂತಿದ್ದರೆ ದಿನಗೂಲಿಯೇ ಕ್ಷೇಮ. ಕೈಯಾಳಿನ ಕೂಲಿ ಯಾರದೆಂದು ಕೇಳುವುದನ್ನು ಹಲವರು ಮರೆಯುತ್ತಾರೆ.

ಪ್ರಶ್ನೆ: ನಾನು ವೆಲ್ಡರ್. ದೂರದ ದೊಡ್ಡ ನಗರವೊಂದರಲ್ಲಿ ಈಗಿನದಕ್ಕಿಂತ ನೂರಕ್ಕೆ ನಲವತ್ತರಷ್ಟು ಹೆಚ್ಚು ಕೂಲಿ ಕೊಡುತ್ತೇವೆ ಎನ್ನುತ್ತಿದ್ದಾರೆ. ಹೆಂಡತಿ ಮಕ್ಕಳು ಊರಿನಲ್ಲಿಯೇ ಇರುತ್ತಾರೆ. ಹೋಗಲೇ?

ಉತ್ತರ: ನೀವು ಹೋದರೆ ಮನೆ ಒಂದರ ಬದಲು ಎರಡಾಗುತ್ತದೆ ಎಂಬುದನ್ನು ಮೊದಲು ಗಮನಿಸಿ. ಈಗ 100 ಪಾಲು ದುಡಿದು ಊಟಕ್ಕೆ 45, ಬಾಡಿಗೆಗೆ 20, ಇತರ ವೆಚ್ಚಗಳಿಗೆ 20 ಹೋಗಿ 15 ಉಳಿಯುತ್ತಿದೆ ಎಂದುಕೊಳ್ಳೋಣ. ನೀವು ಹೊರಟ ಮೇಲೆ ಊರಿನ ಬಾಡಿಗೆ 20 ಹಾಗೆಯೇ ಉಳಿಯುತ್ತದೆ. ಒಬ್ಬರು ಕಡಿಮೆಯಾದ ಮಾತ್ರಕ್ಕೆ ಅಡುಗೆಯ ಖರ್ಚು 45ರಿಂದ 36ಕ್ಕೆ, ಇತರ ವೆಚ್ಚ 18ಕ್ಕೆ ಇಳಿದೀತು. ಅಲ್ಲಿಗೆ 74. ನಗರದಲ್ಲಿ ನಿಮ್ಮೊಬ್ಬರ ಊಟಕ್ಕೆ 18, ಪಾಲಿನ ಕೋಣೆಗೆ 22, ಪ್ರಯಾಣ ಮತ್ತು ಫೋನಿಗೆ 12, ಒಟ್ಟು 52. ಎರಡೂ ಸೇರಿ 126 ಆಗುತ್ತದೆ. 140ರಲ್ಲಿ ಉಳಿಯುವುದು 14, ಅಂದರೆ ಈಗಿಗಿಂತ ಒಂದು ಪಾಲು ಕಡಿಮೆ. ಆದಾಯ ಕಡಿಮೆಯಿದ್ದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ದೊಡ್ಡದು ಎಂಬುದನ್ನು ಅರ್ನ್ಸ್ಟ್ ಎಂಗೆಲ್ ಎಂಬ ಅಂಕಿಅಂಶ ತಜ್ಞ 1857ರಲ್ಲಿಯೇ ತೋರಿಸಿದ್ದ. ಒಲೆ ಎರಡಾದಾಗ ಕುಶಲಕರ್ಮಿಗೆ ಬೀಳುವ ಪೆಟ್ಟು ದೊಡ್ಡದಾಗುವುದು ಆ ಕಾರಣದಿಂದಲೇ.

ವಸತಿಯನ್ನು ಅವರೇ ಕೊಡುವುದಾದರೆ ಲೆಕ್ಕ ಬದಲಾಗುತ್ತದೆ. ಆದರೆ ಅದರ ಬೆಲೆಯನ್ನು ಕೂಲಿಯಿಂದ ಮುರಿದುಕೊಳ್ಳುತ್ತಾರೆಯೇ, ಕೆಲಸ ಇಲ್ಲದ ದಿನಗಳಲ್ಲಿಯೂ ಅಲ್ಲಿ ಇರಲು ಬಿಡುತ್ತಾರೆಯೇ ಎಂಬುದನ್ನು ಹೊರಡುವ ಮುನ್ನ ಕೇಳಿ. ಕೆಲಸ ಕೊಡಿಸಿದ್ದಕ್ಕಾಗಿ ಮಧ್ಯವರ್ತಿ ನಿಮ್ಮ ಕೂಲಿಯಿಂದ ಹಣ ಮುರಿಸಿಕೊಳ್ಳುತ್ತೇನೆಂದರೆ ಒಪ್ಪಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ ವೇತನ ರಕ್ಷಣೆಯ ಒಪ್ಪಂದವು, ಅಂದರೆ 95ನೆಯ ಒಪ್ಪಂದವು, ಅಂಥ ಕಡಿತವನ್ನು ನಿಷೇಧಿಸುತ್ತದೆ. ಕೂಲಿಯನ್ನು ನಿಯತ ಅವಧಿಗಳಲ್ಲಿ ಬಟವಾಡೆ ಮಾಡಬೇಕೆಂದೂ ಕೆಲಸ ಬಿಡುವಾಗ ಬಾಕಿಯನ್ನು ಚುಕ್ತಾ ಮಾಡಬೇಕೆಂದೂ ವಿಧಿಸುತ್ತದೆ. ಆ ಒಪ್ಪಂದ ಬದ್ಧವಾಗುವುದು ಅದನ್ನು ಅಂಗೀಕರಿಸಿದ ದೇಶಗಳಿಗೆ ಮಾತ್ರವಾದರೂ, ನ್ಯಾಯ ಯಾವುದೆಂದು ತಿಳಿಯಲು ಎಲ್ಲರಿಗೂ ಅಳತೆಗೋಲಾದೀತು.

ಪ್ರಶ್ನೆ: ಕೆಲಸ ಬಲ್ಲ ಮೇಸ್ತ್ರಿಗೂ ಕಲ್ಲು ಮಣ್ಣು ಹೊರುವ ಕೈಯಾಳಿಗೂ ಕೂಲಿಯಲ್ಲಿ ಎಷ್ಟು ಅಂತರವಿರುವುದು ಸರಿ? ಹಿಂದಿನ ಕಾಲದಲ್ಲಿ ಹೇಗಿತ್ತು?

ಉತ್ತರ: ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ 301ರಲ್ಲಿ ಬೆಲೆ ಮತ್ತು ಕೂಲಿಗಳಿಗೆ ಮಿತಿ ಹಾಕಿದ ಶಾಸನದಲ್ಲಿ, ಊಟದ ಜೊತೆಗೆ, ಹೊಲದ ಆಳಿಗೆ ದಿನಕ್ಕೆ 25 ಡೆನಾರಿ, ಕಲ್ಲುಕುಟಿಗನಿಗೂ ಬಡಗಿಗೂ 50, ಗೋಡೆಗೆ ಬಣ್ಣ ಬಳಿಯುವವನಿಗೆ 75, ಚಿತ್ರ ಬರೆಯುವವನಿಗೆ 150 ಎಂದಿದೆ. ದಕ್ಷಿಣ ಇಂಗ್ಲೆಂಡಿನಲ್ಲಿ 15ನೆಯ ಶತಮಾನದ ಬಹುಭಾಗ ಕುಶಲಕರ್ಮಿಗೆ ದಿನಕ್ಕೆ 6 ಪೆನ್ನಿ, ಕೈಯಾಳಿಗೆ 4 ಪೆನ್ನಿ ಇತ್ತು. ಮೂರಕ್ಕೆ ಎರಡರ ಆ ಅನುಪಾತ ಹೆಚ್ಚುಕಡಿಮೆ ಮೊದಲ ಮಹಾಯುದ್ಧದವರೆಗೂ ಕದಲಲಿಲ್ಲವೆಂದು ಏಳು ಶತಮಾನಗಳ ದಾಖಲೆಗಳನ್ನು ಜಾಲಾಡಿದ ಫೆಲ್ಪ್ಸ್ ಬ್ರೌನ್ ಮತ್ತು ಷೀಲಾ ಹಾಪ್ಕಿನ್ಸ್ 1950ರ ದಶಕದಲ್ಲಿ ತೋರಿಸಿದರು.

ಅಂತರ ಎಷ್ಟಿರಬೇಕೆಂಬುದಕ್ಕೆ ಕಸುಬು ಕಲಿಯುವಾಗ ಕಡಿಮೆ ಕೂಲಿಗೆ ದುಡಿದ ವರ್ಷಗಳು ಮರಳಿ ಬರುವಷ್ಟಾದರೂ ಇರಲಿ ಎಂಬುದು ನನ್ನ ಅಭಿಪ್ರಾಯ. ಆದರೆ ಅದೇ ದಾಖಲೆಗಳು ಇನ್ನೊಂದು ಸಂಗತಿಯನ್ನೂ ಹೇಳುತ್ತವೆ. 16ನೆಯ ಶತಮಾನದಲ್ಲಿ ಅಲ್ಲಿ ಕೂಲಿ ಏರಿತು, ಆಹಾರದ ಬೆಲೆ ಅದಕ್ಕಿಂತ ಬಹಳ ವೇಗವಾಗಿ ಏರಿತು. ಅನುಪಾತ ಕದಲದಿದ್ದರೂ ಮೇಸ್ತ್ರಿ ಮತ್ತು ಕೈಯಾಳು ಇಬ್ಬರ ತಟ್ಟೆಯೂ ಕಿರಿದಾಯಿತು. ಆದ್ದರಿಂದ ದರ ಹೆಚ್ಚಿಸಿ ಎಂದು ಕೇಳಲು ಹೋಗುವಾಗ ಪಕ್ಕದವನಿಗೆ ಎಷ್ಟು ಸಿಗುತ್ತಿದೆ ಎಂಬ ಪಟ್ಟಿಗಿಂತ, ಮೂರು ವರ್ಷದ ಹಿಂದೆ ಒಂದು ದಿನದ ಕೂಲಿಗೆ ಎಷ್ಟು ಧಾನ್ಯ ಬರುತ್ತಿತ್ತು, ಎಷ್ಟು ದಿನದ ಕೂಲಿಗೆ ತಿಂಗಳ ಬಾಡಿಗೆ ತೀರುತ್ತಿತ್ತು, ಈಗ ಎಷ್ಟು ಎಂಬ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.