ಜೋಶುವಾ ಟ್ರೀಯ ‘ಡಬಲ್ ಕ್ರಾಸ್’ ನನ್ನ ಮೊದಲ ಟ್ರಾಡ್ ಲೀಡ್ ಆಗಬಹುದೇ?

ಬಂಡೆ ಏರುವಾಗ ಮೊದಲಿಗರಾಗಿ ಹಗ್ಗ ಒಯ್ಯುವುದು ಲೀಡ್; ಬೋಲ್ಟ್‌ಗಳ ಬದಲು ಬಿರುಕಿನಲ್ಲಿ ನಾವೇ ರಕ್ಷಣಾ ಸಾಧನ ಇಡುತ್ತಾ ಹೋದರೆ ಅದು ಟ್ರಾಡ್ ಲೀಡ್. ಬಾದಾಮಿ, ರಾಮನಗರಗಳ ಬೋಲ್ಟ್ ಮಾರ್ಗಗಳಲ್ಲಿ 6ಎ (ಕಷ್ಟದ ಫ್ರೆಂಚ್ ದರ್ಜೆ) ಲೀಡ್ ಮಾಡಿದವರಿಗೆ ಕ್ಯಾಲಿಫೋರ್ನಿಯಾದ ಜೋಶುವಾ ಟ್ರೀ ಮರುಭೂಮಿಯ ಈ 5.7+ (ಅದಕ್ಕಿಂತ ಕೆಳಗಿನ ಅಮೆರಿಕನ್ ದರ್ಜೆ) ಬಿರುಕು ಸುಲಭವಲ್ಲವೇ, ಇದಕ್ಕೆ ಎಷ್ಟು ಕ್ಯಾಮ್ (ಬಿರುಕಿನೊಳಗೆ ಸ್ಪ್ರಿಂಗಿನಿಂದ ಅರಳಿ ಕೂರುವ, ಲೋಹದ ಎಲೆಗಳೂ ದಂಡವೂ ಇರುವ ಸಾಧನ) ಕೊಳ್ಳಬೇಕು ಎಂದು ಕೇಳಿದ್ದೀರಿ. ಆರು ವರ್ಷಗಳ ಹಿಂದೆ ನಾನೂ ಇದೇ ಲೆಕ್ಕ ಹಾಕಿಕೊಂಡು ಅಲ್ಲಿನ ಹಿಡನ್ ವ್ಯಾಲಿ ಶಿಬಿರತಾಣದ ‘ಓಲ್ಡ್ ವುಮನ್’ ಬಂಡೆಯ ಬುಡದಲ್ಲಿ ನಿಂತಿದ್ದೆ. ಅಂದು ಸಂಜೆಯ ಹೊತ್ತಿಗೆ ಹಿಮ್ಮಡಿ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದೆ.

ಈ ಮಾರ್ಗ ನೆಲದಿಂದ ನೇರವಾಗಿ ಏರದೆ, ಪಕ್ಕಕ್ಕೆ ಸರಿದು ಮುಖ್ಯ ಬಿರುಕನ್ನು ಸೇರುತ್ತದೆ. ಅಲ್ಲಿ ನಾನು 37ರಿಂದ 65 ಮಿ.ಮೀ. ಬಿರುಕಿಗೆ ಹೊಂದುವ ಹಳದಿ ಕ್ಯಾಮ್ ಒಂದನ್ನು ಇಟ್ಟೆ. ಇಟ್ಟದ್ದು ಸರಿಯಾಗಿಯೇ ಇತ್ತು. ತಪ್ಪಾದದ್ದು, ಬಾದಾಮಿಯಲ್ಲಿ ಬೋಲ್ಟಿಗೆ ಹಾಕುತ್ತಿದ್ದ ಗಿಡ್ಡ ಕ್ವಿಕ್‌ಡ್ರಾವನ್ನೇ (ಹಗ್ಗವನ್ನು ಜೋಡಿಸುವ, ಎರಡು ಕೊಂಡಿಗಳ ನಡುವಿನ ಪಟ್ಟಿ) ಅದಕ್ಕೂ ಹಾಕಿದ್ದು. ಬೋಲ್ಟ್ ಬಂಡೆಯೊಳಗೆ ಕೊರೆದು ಕೂರಿಸಿದ್ದರಿಂದ ಹಗ್ಗ ಯಾವ ಕಡೆಗೆ ಎಳೆದರೂ ಅಲುಗುವುದಿಲ್ಲ. ಕ್ಯಾಮನ್ನು ಹಿಡಿದಿರುವುದು ಸ್ಪ್ರಿಂಗ್ ಮಾತ್ರ. ಅದರ ಎಲೆಗಳು ಬಂಡೆಯನ್ನು ಒತ್ತಿ ಭಾರ ತಡೆಯಬೇಕಾದರೆ ಎಳೆತವು ಅದರ ದಂಡದ ನೇರಕ್ಕೇ ಬರಬೇಕು. ಹಗ್ಗ ಪಕ್ಕಕ್ಕೆ ತಿರುಗುವ ಜಾಗದಲ್ಲಿ ಕ್ಯಾಮನ್ನು ಹಗ್ಗಕ್ಕೆ ಜೋಡಿಸುವ ಪಟ್ಟಿ, ಅಂದರೆ ಸ್ಲಿಂಗ್, ಗಿಡ್ಡದಾಗಿದ್ದರೆ, ನಾವು ಮೇಲೇರುವ ಪ್ರತಿ ಹೆಜ್ಜೆಗೂ ಹಗ್ಗ ಆ ದಂಡವನ್ನು ಅತ್ತಿತ್ತ ಜಗ್ಗುತ್ತದೆ, ಮತ್ತು ಕ್ಯಾಮ್ ತಾನಾಗಿಯೇ ಬಿರುಕಿನ ಅಗಲವಾದ ಕಡೆಗೆ ತೆವಳುತ್ತದೆ. ಎರಡು ಮೀಟರ್ ಮೇಲೇರಿ ಕೆಳಗೆ ನೋಡಿದಾಗ ಅದರ ಎಲೆಗಳು ಪೂರ್ತಿ ಅರಳಿ, ತುದಿಗಳಷ್ಟೇ ಬಂಡೆಗೆ ತಾಗಿದ್ದವು. ಇಳಿದು ಸರಿಪಡಿಸುವಷ್ಟು ಕಸುವು ನನ್ನ ಕೈಯಲ್ಲಿ ಉಳಿದಿರಲಿಲ್ಲ. ಅಂಗೈಯನ್ನು ಬಿರುಕಿಗೆ ತೂರಿಸಿ, ಹೆಬ್ಬೆರಳು ಮಡಚಿ, ಕೈ ಉಬ್ಬಿಸಿ ಬಿಗಿಯುವ ಜ್ಯಾಮ್ ನನಗೆ ಬಾರದಿದ್ದುದರಿಂದ ಬಿರುಕಿನ ಅಂಚನ್ನೇ ಹಿಡಿದು ಏರಿದ್ದೆ. ಜಾರಿದೆ, ಕ್ಯಾಮ್ ಕಿತ್ತು ಬಂತು, ಪಾದಗಳು ನೆಲಕ್ಕೆ ಬಡಿದವು. ಆ ಮರುಭೂಮಿಯಲ್ಲಿ ಬಹುತೇಕ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ಪಕ್ಕದ ಡೇರೆಗಳ ಅಪರಿಚಿತರು ನನ್ನನ್ನು ಹೊತ್ತು ಕಾರಿನವರೆಗೆ ತಂದದ್ದನ್ನು ಇಂದಿಗೂ ಮರೆತಿಲ್ಲ.

ಆದ್ದರಿಂದ ಎಷ್ಟು ಕ್ಯಾಮ್ ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತೇನೆ. ಬೋಲ್ಟ್ ಮಾರ್ಗದ 6ಎ ನಿಮ್ಮ ಬೆರಳುಗಳ ಬಲವನ್ನು ಹೇಳುತ್ತದೆಯೇ ಹೊರತು ಬಿರುಕಿನ ವಿದ್ಯೆಯನ್ನಲ್ಲ. ಈಗ ಏನನ್ನೂ ಕೊಳ್ಳಬೇಡಿ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗಿನ ತಂಪಿನಲ್ಲಿ ಅನುಭವಿಗಳ ಹಿಂದೆ ಏರಿ, ಅವರು ಇಟ್ಟ ಕ್ಯಾಮ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಬನ್ನಿ. ಮೇಲಿನಿಂದ ಹಗ್ಗ ಕಟ್ಟಿಕೊಂಡು ಜ್ಯಾಮ್ ಕಲಿಯಿರಿ. ನೆಲದಾಳದಲ್ಲಿ ನಿಧಾನವಾಗಿ ತಣಿದ ಈ ಮಾಂಜೊಗ್ರಾನೈಟಿನ ಹರಳುಗಳು ದಪ್ಪ, ಒರಟು. ಅಂಗೈಯ ಹಿಂಬದಿಗೆ ಟೇಪ್ ಸುತ್ತದೆ ಹೋದರೆ ಚರ್ಮ ಸುಲಿಯುತ್ತದೆ.

ಮುಂದಿನ ಚಳಿಗಾಲದಲ್ಲಿ ಗೆಳತಿಯೊಬ್ಬಳ ಹಿಂದೆ ನಾನು ಅದೇ ಬಿರುಕನ್ನು ಏರಿದೆ. ನಾನು ಬಿದ್ದ ಜಾಗದಲ್ಲಿ ಅವಳ ಕ್ಯಾಮ್ ಇಟ್ಟ ಹಾಗೆಯೇ ಕೂತಿತ್ತು, ಅದರಿಂದ 60 ಸೆಂ.ಮೀ. ಉದ್ದದ ಸ್ಲಿಂಗ್ ಸಡಿಲವಾಗಿ ಇಳಿಬಿದ್ದಿತ್ತು.