ಚೆಂಡು ಎಲ್ಲಿತ್ತು ಅಂತ ಬರೆಯಿರಿ

ನಮಸ್ಕಾರ,

ಸ್ಕಾಟ್ಲೆಂಡಿನ ಫುಟ್‌ಬಾಲ್ ಆಟಗಾರ, ಲಿವರ್‌ಪೂಲ್ ಕ್ಲಬ್ಬಿನಲ್ಲಿ ಆಡಿ ಆಮೇಲೆ ಅಲ್ಲೇ ಮ್ಯಾನೇಜರ್ ಆದ ಕೆನ್ನಿ ಡಾಲ್ಗ್ಲಿಶ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಓದಿ ಸಿಟ್ಟು ಬಂತು, ಅದಕ್ಕೇ ಇಷ್ಟುದ್ದ ಉತ್ತರ. ಕೆಟ್ಟ ಲೇಖನವಾಗಿದ್ದರೆ ‘ಪ್ರಕಟಿಸಲು ಆಗುವುದಿಲ್ಲ’ ಅಂತ ಒಂದು ಸಾಲು ಬರೆದು ಸುಮ್ಮನಾಗುತ್ತಿದ್ದೆ. ನಿಮ್ಮದು ಕೆಟ್ಟದ್ದಲ್ಲ. ಇಸವಿಗಳು ಸರಿಯಾಗಿವೆ, ಕಾಗುಣಿತದ ತಪ್ಪಿಲ್ಲ, ಬಾಲ್ಯದ ಭಾಗ ಚೆನ್ನಾಗಿದೆ. ತಮ್ಮ ಕ್ಲಬ್ಬಿಗೆ ಸೇರಿಸಿಕೊಳ್ಳಲು ಸೆಲ್ಟಿಕ್‌ನ ಶಾನ್ ಫ್ಯಾಲನ್ ಮನೆ ಬಾಗಿಲಿಗೆ ಬಂದಾಗ, ರೇಂಜರ್ಸ್ ಅಭಿಮಾನಿಯಾಗಿದ್ದ ಹುಡುಗ ಗೋಡೆ ಮೇಲಿನ ರೇಂಜರ್ಸ್ ಚಿತ್ರಗಳನ್ನು ಗಡಿಬಿಡಿಯಲ್ಲಿ ಕಿತ್ತದ್ದನ್ನು ಬರೆದಿದ್ದೀರಿ. ಗ್ಲಾಸ್ಗೋದ ಆ ಎರಡು ಕ್ಲಬ್ಬುಗಳ ಜಿದ್ದು ಎಂಥದ್ದು ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಅದನ್ನು ಮುಟ್ಟಬೇಡಿ.

ಈಗ ನನ್ನನ್ನು ಕಾಡಿದ ಸಾಲಿಗೆ ಬರುತ್ತೇನೆ. 1978ರ ಯುರೋಪಿಯನ್ ಕಪ್ ಫೈನಲ್ ಬಗ್ಗೆ ನೀವು ಬರೆದದ್ದು ಇಷ್ಟೇ: ‘ಆ ರಾತ್ರಿ ವೆಂಬ್ಲಿಯಲ್ಲಿ ಕೆನ್ನಿ ತಮ್ಮ ಮಾಂತ್ರಿಕ ಕಾಲ್ಚಳಕದಿಂದ ಅವಿಸ್ಮರಣೀಯ ಗೋಲು ಗಳಿಸಿ ಇತಿಹಾಸ ನಿರ್ಮಿಸಿದರು.’

ಏನು ನಡೆಯಿತು ಸ್ವಾಮಿ? ಈ ಸಾಲನ್ನು ಎತ್ತಿ ಯಾವ ಆಟಗಾರನ ಲೇಖನಕ್ಕೆ ಅಂಟಿಸಿದರೂ ಅಂಟುತ್ತದೆ. ‘ಮಾಂತ್ರಿಕ’ ಅಂದಿರಿ, ಮಾಡಿದ್ದೇನು ಹೇಳಲಿಲ್ಲ. ‘ಅವಿಸ್ಮರಣೀಯ’ ಅಂದಿರಿ, ನೆನಪಿಟ್ಟುಕೊಳ್ಳಲು ಓದುಗನಿಗೆ ಏನೂ ಕೊಡಲಿಲ್ಲ. ಎದುರಾಳಿ ಕ್ಲಬ್ ಬ್ರೂಗ ಅನ್ನುವುದೂ ಇಲ್ಲ. ಗ್ರೇಮ್ ಸೂನೆಸ್ ಸಂದಿಯಲ್ಲಿ ತೂರಿಸಿದ ಪಾಸ್ ಇಲ್ಲ. ಎಲ್ಲಕ್ಕಿಂತ ಜಾಸ್ತಿ ಬೇಜಾರಾದದ್ದು, ಗೋಲ್‌ಕೀಪರ್ ಬಿರ್ಗರ್ ಜೆನ್ಸನ್ ಇಲ್ಲವೇ ಇಲ್ಲ. ಅವನಿಲ್ಲದೆ ಆ ಗೋಲೇ ಇಲ್ಲ ಅಲ್ವಾ? ಡಾಲ್ಗ್ಲಿಶ್‌ಗೆ ಚೆಂಡು ಸಿಕ್ಕಿತು, ಜೆನ್ಸನ್ ಮುಂದೆ ಬಂದ. ಬೇರೆ ಯಾರಾದರೂ ಆಗಿದ್ದರೆ ಆ ಅವಸರದಲ್ಲಿ ಜೋರಾಗಿ ಬಾರಿಸಿಬಿಡುತ್ತಿದ್ದರು. ಇವರು ಕಾದರು. ಅವನು ನೆಲಕ್ಕೆ ಬೀಳುವವರೆಗೂ ಕಾದು, ಬಿದ್ದ ಮೇಲೆ ಚೆಂಡನ್ನು ಅವನ ಮೇಲಿಂದ ಮೆಲ್ಲಗೆ ಎತ್ತಿ ದಾಟಿಸಿದರು. ಆಮೇಲೆ ಜಾಹೀರಾತು ಹಲಗೆ ಹಾರಿ ಅಭಿಮಾನಿಗಳ ಕಡೆ ಓಡಿದರು. ಪಂದ್ಯ 1-0. ಕೆವಿನ್ ಕೀಗನ್ ಬಿಟ್ಟುಹೋದ ಜಾಗಕ್ಕೆ ಲಿವರ್‌ಪೂಲ್ 4,40,000 ಪೌಂಡ್ ಕೊಟ್ಟು ತಂದ ಆಟಗಾರ ಅಷ್ಟು ಬೆಲೆ ಬಾಳುತ್ತಾನಾ ಅನ್ನುವ ಪ್ರಶ್ನೆಗೆ ಉತ್ತರ ಆ ಕಾಯುವಿಕೆಯಲ್ಲಿದೆ. ನೀವು ಅದನ್ನೇ ಬಿಟ್ಟಿರಿ.

ನಾನು ಕ್ರೀಡಾ ಪುಟದಲ್ಲಿ ಕೆಲಸ ಕಲಿಯುವಾಗ ಅಲ್ಲೊಬ್ಬ ಹಿರಿಯರಿದ್ದರು. ಜಿಲ್ಲಾ ಮಟ್ಟದ ಹಾಕಿ ಪಂದ್ಯ ನೋಡಿ ಬಂದು ವರದಿ ಕೊಟ್ಟರೆ, ಓದುತ್ತಾ ಓದುತ್ತಾ ಕೇಳುತ್ತಿದ್ದರು: ‘ಚೆಂಡು ಎಲ್ಲಿತ್ತು?’ ಮೇಜಿನ ಮೇಲೆ ಗೋಂದಿನ ಬಾಟಲಿ ಇಟ್ಟು, ಪಕ್ಕಕ್ಕೆ ಟೀ ಲೋಟ ಸರಿಸಿ, ‘ಇದು ಗೋಲ್‌ಕೀಪರ್, ಇವನು ಫಾರ್ವರ್ಡ್, ಈಗ ಆಡಿಸು ನೋಡೋಣ’ ಅನ್ನೋರು. ಲೋಟ ಸರಿಸುತ್ತಾ ಬಾಯಲ್ಲಿ ಹೇಳಿದ್ದನ್ನೇ ಹಾಗೇ ಬರೆಸುತ್ತಿದ್ದರು. ‘ರೋಚಕ’ ಅಂತ ಇದ್ದರೆ ಕೆಂಪು ಪೆನ್ಸಿಲಿನಿಂದ ಗೀಟು, ಮಾತೇ ಇಲ್ಲ. ಇವತ್ತಿಗೂ ಯಾರದೇ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಚೆಂಡನ್ನೇ.

ಇನ್ನೊಂದಿದೆ. ಸಿಟ್ಟು ಬಂದದ್ದು ನಿಜವಾಗಿ ಇಲ್ಲಿ. ‘1989ರ ಹಿಲ್ಸ್‌ಬರೋ ದುರಂತ ಅವರ ಮನಸ್ಸಿನ ಮೇಲೆ ಆಳವಾದ ಪರಿಣಾಮ ಬೀರಿತು. ಅದೇ ವರ್ಷ ತಂಡ ಎಫ್‌ಎ ಕಪ್ ಗೆದ್ದು ಬೀಗಿತು.’

ಎರಡು ಸಾಲು, ನಡುವೆ ಉಸಿರೆಳೆದುಕೊಳ್ಳುವಷ್ಟೂ ಬಿಡುವಿಲ್ಲ. ಏಪ್ರಿಲ್ 15, ಶೆಫೀಲ್ಡಿನ ಹಿಲ್ಸ್‌ಬರೋ ಕ್ರೀಡಾಂಗಣ, ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಎಫ್‌ಎ ಕಪ್ ಸೆಮಿಫೈನಲ್. ಆರು ನಿಮಿಷಕ್ಕೇ ಆಟ ನಿಂತಿತು. ಗೋಲಿನ ಹಿಂದೆ, ಕಂಬಿ ಬೇಲಿಯೊಳಗೆ ಜನ ನಿಂತಲ್ಲೇ ನಲುಗಿಹೋದರು. ಸತ್ತವರು ಒಟ್ಟು 97. ಡಾಲ್ಗ್ಲಿಶ್ ಮಗ ಪಾಲ್ ಕೂಡ ಅವತ್ತು ಅದೇ ಕ್ರೀಡಾಂಗಣದಲ್ಲಿದ್ದ. ಆಮೇಲಿನ ದಿನಗಳಲ್ಲಿ ಮ್ಯಾನೇಜರ್ ಡಾಲ್ಗ್ಲಿಶ್, ಹೆಂಡತಿ ಮರೀನಾ, ಆಟಗಾರರು ಒಂದಾದ ಮೇಲೊಂದು ಸಾವಿನ ಮನೆಗೆ ಹೋದರು. ಒಂದೇ ದಿನ ನಾಲ್ಕು ಅಂತ್ಯಕ್ರಿಯೆಗೆ ಹೋದದ್ದೂ ಇದೆ. ‘ಆಳವಾದ ಪರಿಣಾಮ’ ಅಂದರೆ ಇದು. ಇದನ್ನು ಬರೆದ ಮೇಲೆ ಆ ಕಪ್ಪಿನ ಪಕ್ಕದಲ್ಲಿ ‘ಬೀಗಿತು’ ಅಂತ ಬರೆಯಲು ನಿಮಗೇ ಕೈ ಬರುವುದಿಲ್ಲ. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ 66 ಜನ ಸತ್ತ ದಿನವೂ ಅವರು ಅಲ್ಲಿದ್ದರು, 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಕ್ರೀಡಾಂಗಣದಲ್ಲಿ 39 ಜನ ಸತ್ತ ರಾತ್ರಿ ಆಡಿದವರಲ್ಲೂ ಒಬ್ಬರು. ಒಬ್ಬನೇ ಮನುಷ್ಯ ಈ ಮೂರನ್ನೂ ಕಂಡಿದ್ದಾನೆ ಅಂತ ನಿಮ್ಮ ಓದುಗನಿಗೆ ಗೊತ್ತಾಗುವುದೇ ಇಲ್ಲ.

ಅದಕ್ಕೇ ನಿಮ್ಮ ಲೇಖನದಲ್ಲಿ ಲಿವರ್‌ಪೂಲ್ ಮ್ಯಾನೇಜರ್ ಹುದ್ದೆಗೆ 1991ರಲ್ಲಿ ಕೊಟ್ಟ ರಾಜೀನಾಮೆ ದಿಢೀರನೆ ಬಂದಂತಿದೆ. ‘ಒತ್ತಡದಿಂದ’ ಅಂತ ಒಂದು ಪದ ಹಾಕಿ ಮುಗಿಸಿದ್ದೀರಿ. ಅದೇ ಊರಿನ ಎದುರಾಳಿ ಎವರ್ಟನ್ ವಿರುದ್ಧ ನಾಲ್ಕು ಸಲ ಮುನ್ನಡೆ ಪಡೆದು ನಾಲ್ಕು ಸಲವೂ ಕಳೆದುಕೊಂಡ 4-4ರ ಪಂದ್ಯ. ಅದಾಗಿ ಎರಡೇ ದಿನಕ್ಕೆ, ತಂಡ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿರುವಾಗ ಎದ್ದು ಹೊರಟರು. ಹಿಲ್ಸ್‌ಬರೋ ಭಾಗ ಸರಿಯಾಗಿ ಬಂದರೆ ಈ ಪ್ಯಾರಾಕ್ಕೆ ವಿವರಣೆಯೇ ಬೇಡ.

ಸ್ಕಾಟ್ಲೆಂಡ್ ಪರ 102 ಪಂದ್ಯ, 30 ಗೋಲು, ಟ್ರೋಫಿಗಳ ಪಟ್ಟಿ ಎಲ್ಲ ಪಕ್ಕದಲ್ಲಿ ಪುಟ್ಟ ಚೌಕದಲ್ಲಿ ಹಾಕೋಣ. ಆಗ ನಿಮಗೆ ಅರ್ಧ ಪುಟ ಉಳಿಯುತ್ತದೆ. ಅಷ್ಟೂ ಜಾಗವನ್ನು ವೆಂಬ್ಲಿಗೂ ಶೆಫೀಲ್ಡಿಗೂ ಕೊಡಿ. ಆಮೇಲೆ ಬ್ಲ್ಯಾಕ್‌ಬರ್ನ್ ಕ್ಲಬ್ಬಿನ ಮ್ಯಾನೇಜರ್ ಆದ ಭಾಗ ಈಗಿರುವಷ್ಟೇ ಸಾಕು. ಹತ್ತನೇ ತಾರೀಖಿನೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ.